ಎಳೆಗೆ ಎಳೆ ಕೊಂಡಿ

೧೯೮೮ರಲ್ಲಿ, ಏಳನೆಯ ಇಯತ್ತೆ ಮುಗಿದ ಬೇಸಿಗೆಯಲ್ಲಿ, ನಾನು ಶಾಲೆ ಬಿಟ್ಟೆ. ಇಳಕಲ್ಲಿನ ನಮ್ಮ ಮನೆಯ ಕುಣಿಮಗ್ಗದಲ್ಲಿ ಅಪ್ಪನ ಪಕ್ಕ ಕಾಲು ಇಳಿಬಿಟ್ಟು ಕೂತವನು ಇನ್ನೂ ಎದ್ದಿಲ್ಲ. ನೇಯ್ಗೆಯಲ್ಲಿ ನನಗೆ ಬಾರದ್ದು ಯಾವುದೂ ಇಲ್ಲ ಎಂದುಕೊಂಡಿದ್ದೆ. ಹೋದ ವರ್ಷ ಬಾಗಲಕೋಟೆಯ ಕಾಲೇಜೊಂದರ ಮೇಡಂ ಮನೆಗೆ ಬಂದು, ಡಿಜೈನ್ ಕಲಿಯುವವರಿಗೆ ಡಿಜೈನ್ ಅಂದರೆ ಏನೆಂದು ಒಂದು ತಾಸು ಹೇಳಬೇಕು ಎಂದಾಗ, ಎರಡು ತಾಸು ಹೇಳುತ್ತೇನೆ ಎಂದೆ. ಏಳನೆಯ ಇಯತ್ತೆಯವನು ಕಾಲೇಜಿನಲ್ಲಿ ಸೋಲಬಾರದು ಎಂಬ ಹಟವೂ ಇತ್ತು.

ಹೋಗುವ ಹಿಂದಿನ ದಿನ ಹೆಂಡತಿ ಕೊಂಡಿ ಹಾಕುತ್ತ ಕೂತಿದ್ದಳು. ನಮ್ಮ ಸೀರೆಯ ಮೈಗೂ ಸೆರಗಿಗೂ ಹಾಸಿನ ನೂಲು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ ಬೇರೆ. ಮೈಯ ಒಂದೊಂದು ಎಳೆಯ ಕುಣಿಕೆಯಲ್ಲಿ ಸೆರಗಿನ ಒಂದೊಂದು ಎಳೆ ತೂರಿಸಿ ಜೋಡಿಸಬೇಕು. ಪ್ರತಿ ಸೀರೆಗೂ ಸಾವಿರಾರು ಎಳೆ. ನಮ್ಮಲ್ಲಿ ಇದು ಹೆಂಗಸರ ಕೆಲಸ. ಗಂಡಸರು ಇದನ್ನು ಕೆಲಸವೆಂದು ಹಿಡಿದದ್ದೇ ಇಲ್ಲ.

"ಡಿಜೈನ್ ಅಂದ್ರ ಅಂಚಿನ ದಡಿ. ಇಷ್ಟ ಹೇಳಿದ್ರ ಮುಗೀತು," ಎಂದೆ.

ಅವಳು ತಲೆ ಎತ್ತಲಿಲ್ಲ. "ಹಂಗಾರ ನಾ ಮಾಡೂದಕ್ಕ ಏನಂತಾರ್ರಿ?"

"ಅದು ಕೊಂಡಿ."

"ಆತು ಬಿಡ್ರಿ," ಎಂದಳು. ಬೆರಳು ನಿಲ್ಲಲಿಲ್ಲ.

ಮರುದಿನ ತಾನೂ ಬಸ್ಸು ಹತ್ತಿದಳು. ಹುನಗುಂದ ದಾಟಿದರೂ ನಾನು ಭಾಷಣ ಗುನುಗುತ್ತಲೇ ಇದ್ದೆ. ಚೀಲದಲ್ಲಿ ಒಂದು ಸೀರೆ, ಎರಡು ಕಟ್ಟು ಹಾಸಿನ ನೂಲು.

ದಡಿಯ ಮಾತು ಹತ್ತು ನಿಮಿಷಕ್ಕೆ ತೀರಿತು. ವಿದ್ಯಾರ್ಥಿನಿಯೊಬ್ಬಳು ಕಪ್ಪು ಮೈ, ಕೆಂಪು ಸೆರಗು ಕೂಡುವಲ್ಲಿ ಬೆರಳಾಡಿಸಿ, ಹೊಲಿಗೆಯಿಲ್ಲ, ಗಂಟಿಲ್ಲ, ಇದು ಕೂಡಿದ್ದು ಹೇಗೆ, ಇದನ್ನು ಮೊದಲು ಯೋಚಿಸಿದವರು ಯಾರು ಎಂದು ಕೇಳಿದಳು. ಯಾರೆಂದು ನನಗೆ ಗೊತ್ತಿರಲಿಲ್ಲ. ಕೂಡಿಸುವುದನ್ನಾದರೂ ತೋರಿಸೋಣ ಎಂದು ನೂಲು ಹಿಡಿದೆ. ಇಷ್ಟು ವರ್ಷ ಕಣ್ಣ ಮುಂದೆಯೇ ನಡೆದ ಕೆಲಸ. ನನ್ನ ಬೆರಳು ಗಂಟು ಹಾಕಿತು. ಗಂಟು ಬಿದ್ದ ಎಳೆ ಮಗ್ಗದ ಬಾಚಣಿಗೆಯಂಥ ಫಣಿಯ ಹಲ್ಲಿಗೆ ಸಿಕ್ಕು ಹರಿಯುತ್ತದೆಂದು ಬಲ್ಲೆ. ಆದರೂ ಮತ್ತೆ ಗಂಟೇ ಬಿತ್ತು. ಇಡೀ ಕೋಣೆ ನನ್ನ ಕೈ ನೋಡುತ್ತಿತ್ತು.

ಹಿಂದಿನ ಬೆಂಚಿನಿಂದ ಹೆಂಡತಿ ಎದ್ದು ಬಂದಳು. "ಸ್ವಲ್ಪ ಸರೀರಿ."

ಉಸಿರು ತಾಗಿದರೂ ನಡುಗುವ ಎಳೆಗಳು ಅವಳ ಬೆರಳಲ್ಲಿ ಒಂದರೊಳಗೊಂದು ಹೊಕ್ಕು ಸುಮ್ಮನಾದವು. ನೋಡದೆಯೇ ಹಾಕುತ್ತಿದ್ದಳು. ಬಾದಾಮಿಯಲ್ಲಿ ಬಂಡೆಯೊಳಗೇ ಕಡಿದ ಗುಡಿಯಲ್ಲಿ ತಲೆ ಎತ್ತಿ ನಿಂತಾಗ ಒಮ್ಮೆ ನನ್ನ ಬಾಯಿ ಕಟ್ಟಿತ್ತು. ಅದಾದ ಮೇಲೆ ಕಟ್ಟಿದ್ದು ಅಂದೇ.

ಕೊನೆಗೆ ಮೇಡಂ ಹತ್ತಿರ, ಡಿಜೈನ್ ಅಂದರೇನೆಂದು ನನಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡೆ.

"ನಮಗೂ ಪೂರಾ ಗೊತ್ತಿಲ್ರಿ ಯಜಮಾನ್ರ," ಎಂದರು. ಅದು ಕಲೆಯೋ, ಕಸುಬೋ, ವಿಜ್ಞಾನವೋ ಎಂದು ಅವರಲ್ಲೇ ಪ್ರತಿ ವರ್ಷ ವಾದವಾಗುತ್ತದಂತೆ. ಅಷ್ಟು ಓದಿದವರಿಗೂ ಅಳತೆಗೆ ಸಿಗದ್ದು ನನ್ನ ಪಡಸಾಲೆಯಲ್ಲೇ ದಿನಾ ನಡೆಯುತ್ತಿತ್ತಲ್ಲ ಎಂದು ಮೈ ಜುಮ್ಮೆಂದಿತು.

ಈಗ ಬೆಳಿಗ್ಗೆ ಹೆಂಡತಿಯ ಎದುರು ಕೂತು ಕೊಂಡಿ ಕಲಿಯುತ್ತೇನೆ. ತಪ್ಪಿದರೆ ಬಿಚ್ಚಿಸುತ್ತಾಳೆ. ನನ್ನ ಹತ್ತಿರ ಸದ್ಯ ಎರಡು ಮಗ್ಗ, ಹನ್ನೊಂದು ಬಗೆಯ ದಡಿ, ಏಳನೆಯ ಇಯತ್ತೆಯ ಒಂದು ಅಂಕಪಟ್ಟಿ, ಅವಳು ಬಿಚ್ಚಿಸದೆ ಬಿಟ್ಟ ನಲವತ್ತೆರಡು ಕೊಂಡಿ ಇವೆ.