ಖಾನಾಪುರ ರಸ್ತೆಯ ಕೆಂಪು ಬಾವುಟ

1981ರ ಬೇಸಿಗೆ. ನಾನು ಆಗ ರಸ್ತೆ ಇಲಾಖೆಯ ಬೆಳಗಾವಿ ಕಚೇರಿಯಲ್ಲಿ ಜೂನಿಯರ್ ಇಂಜಿನಿಯರ್. ವಯಸ್ಸು ಇಪ್ಪತ್ತೊಂಬತ್ತು, ಸಿಟ್ಟು ಸದಾ ಮೂಗಿನ ತುದಿಯಲ್ಲಿ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ರಸ್ತೆಯಲ್ಲಿ, ಖಾನಾಪುರಕ್ಕೆ ಇನ್ನೂ ಸ್ವಲ್ಪ ದೂರ ಇರುವಾಗ, ಹಳ್ಳದ ನೀರು ರಸ್ತೆಯಡಿ ಹಾಯಲು ಕಟ್ಟಿದ ಒಂದು ಹಳೆಯ ಕಲ್ಲಿನ ಮೋರಿ ಇತ್ತು. ಅದನ್ನು ಒಡೆದು ಅಗಲ ಮಾಡಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಮಳೆಗಾಲಕ್ಕೆ ಮುಂಚೆ ಮುಗಿಸಬೇಕು. ಖಾನಾಪುರದ ಮಳೆ ಹಿಡಿಯಿತೆಂದರೆ ಮೂರು ತಿಂಗಳು ಬಿಡುವುದಿಲ್ಲ, ಅದನ್ನು ಆ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಇಂಥ ಕೆಲಸಕ್ಕೆ ನಾವು ಹಾಫ್ ವಿಡ್ತ್ ಎನ್ನುತ್ತಿದ್ದೆವು. ರಸ್ತೆಯ ಒಂದು ಬದಿಯನ್ನು ಅಗೆದು ಕಟ್ಟುವುದು, ಇನ್ನೊಂದು ಬದಿಯಲ್ಲಿ ವಾಹನಗಳನ್ನು ಬಿಡುವುದು. ಉಳಿದ ಬದಿಯಲ್ಲಿ ಒಮ್ಮೆಗೆ ಒಂದೇ ಗಾಡಿ ಹಿಡಿಸುತ್ತಿತ್ತು. ಅಲ್ಲೊಂದು ತಿರುವೂ ಇತ್ತು, ತಿರುವಿನಲ್ಲಿ ದೊಡ್ಡ ದೊಡ್ಡ ಮಾವಿನ ಮರ. ಈ ತುದಿಯಲ್ಲಿ ನಿಂತವನಿಗೆ ಆ ತುದಿ ಕಾಣುತ್ತಿರಲಿಲ್ಲ. ಹಾಗಾಗಿ ಎರಡೂ ತುದಿಯಲ್ಲಿ ಕೆಂಪು, ಹಸಿರು ಬಾವುಟ ಹಿಡಿದು ಒಬ್ಬೊಬ್ಬರು, ನಡುವೆ ಸೀಟಿ ಹಿಡಿದು ನಮ್ಮ ಮುಕಾದಮ ಯಲ್ಲಪ್ಪ. ಗ್ಯಾಂಗಿನ ಮುಖ್ಯಸ್ಥನಿಗೆ ನಮ್ಮಲ್ಲಿ ಮುಕಾದಮ ಎನ್ನುತ್ತಾರೆ. ಅವನು ಒಂದು ಸೀಟಿ ಊದಿದರೆ ಬೆಳಗಾವಿ ಕಡೆಯವರು ಬರಬೇಕು, ಎರಡು ಊದಿದರೆ ಖಾನಾಪುರ ಕಡೆಯವರು. ಒಂದು ಕಡೆ ಹಸಿರು ತೋರಿಸಿದಾಗ ಇನ್ನೊಂದು ಕಡೆ ಕೆಂಪು.

ಇದಕ್ಕೆ ನಾನು ಕೊಟ್ಟ ತರಬೇತಿ ಎಷ್ಟು ಹೊತ್ತಿನದು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ಯಲ್ಲಪ್ಪ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮುಗಿದಿತ್ತು. ಕೆಂಪು ಅಂದರೆ ನಿಲ್ಲಿಸು, ಹಸಿರು ಅಂದರೆ ಬಿಡು, ಖಾನಾಪುರ ಕಡೆ ಮರಾಠಿಯವರು ಹೆಚ್ಚು, ಅವರಿಗೆ ನಿಲ್ಲಿ ಅನ್ನಲು "ಥಾಂಬಾ" ಅನ್ನು. ಅಷ್ಟೇ. ಕಲ್ಲು ಒಡೆಯುವುದು, ಬುಟ್ಟಿ ಹೊರುವುದು ಕಷ್ಟದ ಕೆಲಸ. ಬಾವುಟ ಹಿಡಿಯುವುದು ಹಗುರದ ಕೆಲಸ ಎಂದು ನನ್ನ ತಲೆಯಲ್ಲಿ ಕೂತಿತ್ತು. ಖಾನಾಪುರ ತುದಿಗೆ ಬಾಳವ್ವನನ್ನು ನಿಲ್ಲಿಸಿದೆ. ಮೂವತ್ತೈದರ ಆಸುಪಾಸಿನ ಹೆಂಗಸು, ಕುರಿ ಕಾಯುವ ಮನೆತನದವಳು, ಹತ್ತಿರದ ಹಳ್ಳಿಯವಳು. ಮಾತು ಕಡಿಮೆ, ಕೆಲಸಕ್ಕೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಗಂಡ ತೀರಿಕೊಂಡಿದ್ದ, ಮನೆಯಲ್ಲಿ ಮಾವ ಮತ್ತು ಎರಡು ಹೆಣ್ಣುಮಕ್ಕಳು.

ಎರಡು ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮೂರನೆಯ ವಾರ ಒಂದು ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಬೆಳಗಾವಿ ಕಡೆಯಿಂದ ಬಸ್ಸು ಬಿಟ್ಟಿದ್ದರು. ಬಾಳವ್ವನ ಕೈಯಲ್ಲಿ ಕೆಂಪು ಬಾವುಟ. ಅವಳ ಮುಂದೆ ಒಂದು ಎತ್ತಿನ ಚಕ್ಕಡಿ ಬಂತು, ಅದರ ಹಿಂದೆ ಹಂಚು ತುಂಬಿದ ಲಾರಿ. ನಾನು ಮೋರಿಯ ಹತ್ತಿರ ನಿಂತು ನೋಡುತ್ತಿದ್ದೆ. ನೋಡುನೋಡುತ್ತಿದ್ದಂತೆ ಬಾಳವ್ವ ಬಾವುಟ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು, ಸೆರಗು ಮುಖದ ಮೇಲೆ ಎಳೆದುಕೊಂಡಳು, ರಸ್ತೆ ಬಿಟ್ಟು ಕೆಳಗಿಳಿದು ಬೆನ್ನು ತಿರುಗಿಸಿ ನಿಂತಳು. ಬಾವುಟ ಇಳಿದದ್ದನ್ನು ಕಂಡ ಲಾರಿಯವನು ದಾರಿ ಬಿಟ್ಟರು ಅಂದುಕೊಂಡ. ಚಕ್ಕಡಿಯನ್ನು ದಾಟಿ ಒಳಗೆ ನುಗ್ಗಿದ. ತಿರುವಿನಲ್ಲಿ ಬಸ್ಸು ಎದುರಾಯಿತು. ಬಸ್ಸಿಗೆ ಬಡಿಯುವುದನ್ನು ತಪ್ಪಿಸಲು ಅವನು ನಾವು ಅಗೆದ ಬದಿಗೆ ತಿರುಗಿಸಿದ. ಮುಂದಿನ ಗಾಲಿ ಗುಂಡಿಗೆ ಬಿತ್ತು.

ಗುಂಡಿಯಲ್ಲಿ ಮಾದೇವ ಕಲ್ಲು ಜೋಡಿಸುತ್ತಿದ್ದ. ಅವನ ಬಲಗಾಲು ಗಾಲಿಗೂ ಕಲ್ಲಿಗೂ ನಡುವೆ ಸಿಕ್ಕಿತು. ನಾವು ಎಂಟು ಹತ್ತು ಮಂದಿ ಹಾರೆ ಹಾಕಿ ಗಾಲಿ ಎತ್ತಿ ಅವನನ್ನು ಹೊರಗೆ ತೆಗೆದೆವು. ಆ ಬಸ್ಸಿನಲ್ಲೇ ಒಂದಿಷ್ಟು ಜನರನ್ನು ಇಳಿಸಿ, ಅವನನ್ನು ಮಲಗಿಸಿ, ಬಸ್ಸನ್ನು ತಿರುಗಿಸಿ ಬೆಳಗಾವಿಯ ಆಸ್ಪತ್ರೆಗೆ ಕಳಿಸಿದೆವು. ರಸ್ತೆ ತುಂಬ ಒಡೆದ ಹಂಚು.

ನಾನು ಬಾಳವ್ವನ ಮೇಲೆ ಹರಿಹಾಯ್ದೆ. ಏನೇನು ಅಂದೆನೋ ಈಗ ಬರೆಯಲಾರೆ. ಬಾವುಟ ಯಾಕೆ ಇಳಿಸಿದೆ ಎಂದು ಹತ್ತು ಸಲ ಕೇಳಿದೆ. ಅವಳು ತಲೆ ತಗ್ಗಿಸಿ ನಿಂತಳೇ ಹೊರತು ಒಂದು ಮಾತೂ ಆಡಲಿಲ್ಲ. ಆಚೆ ಚಕ್ಕಡಿಯ ಮುದುಕ ಎತ್ತುಗಳ ಹಗ್ಗ ಹಿಡಿದು ಕಲ್ಲಾಗಿ ನಿಂತಿದ್ದ. ಗ್ಯಾಂಗಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಂಚಿನ ಚೂರು ಆರಿಸತೊಡಗಿದರು. ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಅವಳಿಗೆ ಹೇಳಿ ಕಳಿಸಿದೆ. ಸಂಜೆಗೆ ಕಚೇರಿಯಿಂದ ಕರೆ ಬಂತು: ಎಕ್ಸಿಕ್ಯೂಟಿವ್ ಇಂಜಿನಿಯರ್ ಮುಂದಿನ ವಾರ ಖುದ್ದಾಗಿ ಬರುತ್ತಾರೆ, ತಪ್ಪು ಯಾರದು ಎಂದು ಹೆಸರು ಸಹಿತ ವರದಿ ಸಿದ್ಧವಿರಲಿ. ಹೆಸರು ನನ್ನ ಹತ್ತಿರ ಸಿದ್ಧವೇ ಇತ್ತು. ಒಮ್ಮೆ ಆ ವರದಿಗೆ ಹೆಸರು ಬಿದ್ದರೆ ಬಾಳವ್ವನಿಗೆ ನಮ್ಮ ಇಲಾಖೆಯ ಯಾವ ರಸ್ತೆಯಲ್ಲೂ ಮತ್ತೆ ಕೆಲಸ ಸಿಗುತ್ತಿರಲಿಲ್ಲ.

ಮರುದಿನ ಮುಂಜಾನೆ ಆಸ್ಪತ್ರೆಗೆ ಹೋದೆ. ಮಾದೇವನ ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಮೂಳೆ ಮುರಿದಿತ್ತು, ಕಾಲು ಉಳಿದಿತ್ತು. ನಾನು ಸಮಾಧಾನದ ಮಾತು ಶುರು ಮಾಡುವ ಮೊದಲೇ ಅವನು ಕೇಳಿದ, "ಬಾಳಕ್ಕನ್ನ ಕೆಲಸದಿಂದ ತಗದ್ರಂತಲ್ರೀ?"

"ಮತ್ತೇನು ಮಾಡಬೇಕು? ನಿನ್ನ ಜೀವಾನ ಹೋಗತಿತ್ತು," ಅಂದೆ.

"ಸಾಹೇಬ್ರ, ಆ ಚಕ್ಕಡ್ಯಾಗ ಇದ್ದಾಂವ ಆಕಿ ಮಾವ ಸಿದ್ದಪ್ಪಜ್ಜ. ಮಾವ ಬಂದ್ರ ಸೊಸಿ ದಾರ್ಯಾಗ ಎದುರ ನಿಂದರ್ತಾಳೇನ್ರೀ? ಅದೂ ಕೈ ಅಡ್ಡ ಹಿಡದು? ನೀವು ಆಕೀನ್ನ ಅಲ್ಲಿ ನಿಲ್ಲಸೂಮುಂದ ಒಂದ ಮಾತ ಕೇಳಲಿಲ್ಲ. ಆಕಿಗೆ ಹೇಳಾಕ ಬಾಯಿ ಬರಲಿಲ್ಲ."

ಇದು ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಬೆಳಗಾವಿಯ ಹಿಂದವಾಡಿಯ ನಮ್ಮ ಮನೆಯಲ್ಲೇ, ಅಜ್ಜ ಪಡಸಾಲೆಯಲ್ಲಿ ಕೂತಿದ್ದರೆ ನನ್ನ ಅವ್ವ ಹಿತ್ತಿಲ ಬಾಗಿಲಿನಿಂದ ಸುತ್ತಿಕೊಂಡು ಹೋಗುತ್ತಿದ್ದಳು. ಇದನ್ನು ನೋಡುತ್ತಲೇ ದೊಡ್ಡವನಾದ ನಾನು, ಸಿಮೆಂಟಿನ ಲೆಕ್ಕ, ಕಲ್ಲಿನ ಲೆಕ್ಕ ಎಲ್ಲ ಹಾಕಿ, ಬಾವುಟ ಹಿಡಿದವಳಿಗೊಬ್ಬ ಮಾವ ಇದ್ದಾನೆ ಎಂಬುದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಸ್ಪತ್ರೆಯಿಂದ ನೇರ ಬಾಳವ್ವನ ಊರಿಗೆ ಹೋದೆ. ಬಾಗಿಲಲ್ಲಿ ನಿಂತು, ನಿನ್ನೆ ನಾನು ಅಂದದ್ದು ತಪ್ಪು, ಕೆಲಸಕ್ಕೆ ಬಾ ಎಂದೆ. ಅವಳು ಒಳಗಿನಿಂದಲೇ, "ಬರ್ತೀನ್ರೀ, ಆದ್ರ ನಿಶಾನಿ ಬ್ಯಾಡ್ರೀ, ಬುಟ್ಟಿ ಹೊರತೀನಿ," ಅಂದಳು. ಅಲ್ಲಿ ನಿಶಾನಿ ಎಂದರೆ ಬಾವುಟ.

ಅಂದು ಮಧ್ಯಾಹ್ನ ಗ್ಯಾಂಗನ್ನು ಮಾವಿನ ಮರದ ಕೆಳಗೆ ಕೂಡಿಸಿ ಒಂದೇ ಪ್ರಶ್ನೆ ಕೇಳಿದೆ: ಬಾವುಟ ನಿಮ್ಮ ಕೈಯಲ್ಲಿದ್ದರೆ ಯಾರನ್ನು ನಿಲ್ಲಿಸಲು ನಿಮಗೆ ಆಗುವುದಿಲ್ಲ? ಒಬ್ಬ ನಮ್ಮೂರ ಗೌಡರನ್ನು ಅಂದ. ಇನ್ನೊಬ್ಬ ಮಠದ ಸ್ವಾಮಿಗಳ ಕಾರು ಅಂದ. ಒಬ್ಬಳು ಹೆಣ ಹೊತ್ತವರನ್ನು ಅಂದಳು. ಬೆಳಗಾವಿ ತುದಿಯಲ್ಲಿ ಬಾವುಟ ಹಿಡಿಯುತ್ತಿದ್ದವನು, ಬಸ್ಸಿನ ಡ್ರೈವರ್ ತನ್ನ ಸೋದರಮಾವ, ದಿನಾ ಅವನನ್ನು ಹಾಗೇ ಬಿಡುತ್ತೇನೆ ಎಂದು ಒಪ್ಪಿಕೊಂಡ. ಕೊನೆಗೆ ಯಲ್ಲಪ್ಪ ತಲೆ ಕೆರೆದುಕೊಂಡು ಹೇಳಿದ, "ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನಿಮ್ಮನ್ನ ನಿಲ್ಲಸಾಕ ಇಲ್ಲಿ ಯಾರಿಗೂ ಆಗೂದಿಲ್ಲ."

ವಾಹನ ನೋಡಿಕೊಳ್ಳಲು ಖಾನಾಪುರದಿಂದ ಇಬ್ಬರು ಪೊಲೀಸರನ್ನು ಕರೆಸಿ, ಮೋರಿಯ ಕೆಲಸವನ್ನು ನಾಲ್ಕು ದಿನ ನಿಲ್ಲಿಸಿದೆ. ಮಳೆ ತಲೆಯ ಮೇಲೆ ಬರುವ ಹೊತ್ತಿನಲ್ಲಿ ಇವನಿಗೇನು ಹುಚ್ಚು ಹಿಡಿಯಿತೇ ಎಂದು ಕಚೇರಿಯಲ್ಲಿ ಆಡಿಕೊಂಡರು. ರಸ್ತೆಯ ಪಕ್ಕದ ಬಯಲಿನಲ್ಲಿ ಎರಡು ಗೆರೆ ಎಳೆದು ಅದನ್ನೇ ರಸ್ತೆ ಮಾಡಿದೆವು. ಎರಡೂ ತುದಿಯಲ್ಲಿ ಬಾವುಟದವರು ನಿಲ್ಲುವ ಜಾಗಕ್ಕೆ ಸುಣ್ಣದಿಂದ ಒಂದೊಂದು ವೃತ್ತ ಎಳೆದೆ, ಗ್ಯಾಂಗಿನವರ ಮಾತಿನಲ್ಲಿ ಗುಂಡು. ನಿಯಮ ಒಂದೇ: ಬಾವುಟ ಕೈಯಲ್ಲಿರುವ ತನಕ ಕಾಲು ಸುಣ್ಣದ ಗುಂಡು ದಾಟಬಾರದು. ಗ್ಯಾಂಗಿನವರೇ ಬಸ್ಸಾದರು, ಲಾರಿಯಾದರು, ಗೌಡರಾದರು. ಯಲ್ಲಪ್ಪ ಟವೆಲ್ಲನ್ನು ತಲೆಗೆ ಪಟಗದಂತೆ ಸುತ್ತಿ ಮಾವನಾಗಿ ಕೆಮ್ಮುತ್ತ ಬಂದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಕಲಿತರು. ನಾನು ಜೀಪಿನಲ್ಲಿ ಬರುವ ಸಾಹೇಬನಾಗಿ ಕಣ್ಣು ಕೆಂಪಗೆ ಮಾಡಿ ಬೈಯುತ್ತ ಬಂದೆ. ಮೊದಲ ದಿನ ಎಲ್ಲರೂ ನನಗೆ ದಾರಿ ಬಿಟ್ಟರು. ನಾಲ್ಕನೆಯ ದಿನ ಮೂರು ಮಂದಿ ಬಿಡಲಿಲ್ಲ.

ಬಾಳವ್ವ ಎರಡು ದಿನ ದೂರ ಕೂತು ನೋಡಿದಳು. ಮೂರನೆಯ ದಿನ ತಾನೇ ಎದ್ದು ಬಂದು ಕೇಳಿದಳು, "ಸಾಹೇಬ್ರ, ಕಾಲು ಗುಂಡಿನ ಒಳಗ ಇದ್ರ ಸಾಕಲ್ರೀ? ಸೆರಗ ಹೊದ್ದು, ಮಾರಿ ಆ ಕಡೆ ಮಾಡಿ, ಕೈ ಅಷ್ಟ ಅಡ್ಡ ಹಿಡದ್ರ ನಡಿತೈತೇನ್ರೀ?"

ನಡೆಯುತ್ತದೆ ಎಂದೆ. ಮಾವನ ಮರ್ಯಾದೆಯನ್ನೂ ಇಟ್ಟುಕೊಂಡು ಮಾವನನ್ನು ನಿಲ್ಲಿಸುವುದು ಬಯಲಿನಲ್ಲಿ ಸರಿ, ರಸ್ತೆಯಲ್ಲಿ ಹೇಗೋ ಏನೋ.

ರಸ್ತೆಯ ತುದಿಗಳಲ್ಲೂ ಸುಣ್ಣದ ಗುಂಡು ಹಾಕಿ ಕೆಲಸ ಮತ್ತೆ ಶುರು ಮಾಡಿದ ದಿನವೇ ಅದು ಆಯಿತು. ಸಿದ್ದಪ್ಪಜ್ಜನ ಚಕ್ಕಡಿ ಬಂದಾಗ ಯಲ್ಲಪ್ಪ ಒಂದೇ ಸೀಟಿ ಊದಿದ್ದ. ಖಾನಾಪುರ ಕಡೆಗೆ ಕೆಂಪು. ಬಾಳವ್ವ ಸೆರಗು ಎಳೆದುಕೊಂಡಳು, ಮುಖ ಹೊಲದ ಕಡೆಗೆ ತಿರುಗಿಸಿದಳು. ಕಾಲು ಕದಲಲಿಲ್ಲ. ಬಾವುಟ ಹಿಡಿದ ಕೈ ರಸ್ತೆಗೆ ಅಡ್ಡವಾಗಿ ಚಾಚಿತ್ತು. ಮುದುಕ ಹಗ್ಗ ಜಗ್ಗಿದ. ಅವನೂ ಸೊಸೆಯೊಡನೆ ನೇರ ಮಾತಾಡುವವನಲ್ಲ. ಎತ್ತುಗಳಿಗೆ ಹೇಳಿದ, "ನಿಂದರ್ರೆಪಾ. ನಿಂದ್ರು ಅಂದಾರ, ನಿಂದರಬೇಕು." ಸೊಸೆಗೆ ಅವನು 'ಅಂದಾರ' ಎಂದು ಬಹುವಚನ ಬಳಸಿದ್ದನ್ನು ನಾನು ಕೇಳಿದೆ, ಬಾಳವ್ವನೂ ಕೇಳಿದಳು. ಬಾವುಟವನ್ನು ಇನ್ನಷ್ಟು ನೇರವಾಗಿ ಹಿಡಿದಳು.

ಅದಾದ ಎರಡು ದಿನಕ್ಕೆ, ಹೇಳಿದ್ದಂತೆ, ಎಕ್ಸಿಕ್ಯೂಟಿವ್ ಇಂಜಿನಿಯರ್ ವಿಚಾರಣೆಗೆ ಬಂದರು. ಖಾನಾಪುರದಲ್ಲಿ ಬೇರೆ ಕೆಲಸ ನೋಡಿಕೊಂಡು, ಅಲ್ಲಿಂದ ನನ್ನನ್ನೂ ಜೀಪಿಗೆ ಹತ್ತಿಸಿಕೊಂಡು ಮೋರಿಯ ಕಡೆಗೆ ಹೊರಟರು. ವರದಿ ನನ್ನ ಕೈಚೀಲದಲ್ಲಿತ್ತು. ಅವರು ಮಾತಿಗೆ ಕಟುವಾದವರು, ಕಾಯುವುದೆಂದರೆ ಆಗದವರು. ತುದಿಗೆ ಬಂದಾಗ ಬಾಳವ್ವ ಸುಣ್ಣದ ಗುಂಡಿನಲ್ಲಿ ಕೆಂಪು ಹಿಡಿದು ನಿಂತಿದ್ದಳು. ಡ್ರೈವರ್ ಹಾರ್ನ್ ಹೊಡೆದ. ಅವಳು ಕದಲಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಆಗ ನಾನು ಏನು ಮಾಡಿದೆ ಗೊತ್ತೇ? ನಾಲ್ಕು ದಿನ ಬಯಲಿನಲ್ಲಿ ಕುಣಿದು ಕಲಿಸಿದ ಇದೇ ನಾನು, ಜೀಪಿನಿಂದ ತಲೆ ಹೊರಗೆ ಹಾಕಿ, "ಬಾಳವ್ವ, ದೊಡ್ಡ ಸಾಹೇಬ್ರು ಅದಾರ, ಬಾಜೂಕ ಸರಿ," ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಈ ಸಲ ಸೆರಗೂ ಎಳೆದುಕೊಳ್ಳಲಿಲ್ಲ. "ಸೀಟಿ ಆಗಿಲ್ರೀ ಸಾಹೇಬ್ರ. ನೀವ ಕಲಿಸೀರಿ," ಅಂದಳು.

ಅಷ್ಟರಲ್ಲಿ ತಿರುವಿನಿಂದ ಬಸ್ಸು ಬಂತು. ಮೇಲೆ ಗಂಟುಮೂಟೆ, ಬಾಗಿಲಲ್ಲಿ ಜೋತುಬಿದ್ದ ಜನ. ನಮ್ಮ ಜೀಪಿನ ಪಕ್ಕದಲ್ಲೇ ಹಾದು ಹೋಯಿತು. ನನ್ನ ಮಾತು ಕೇಳಿ ಅವಳು ಸರಿದಿದ್ದರೆ ನಾವು ಮೂವರೂ ಅದರ ಎದುರಿಗೆ ಇರುತ್ತಿದ್ದೆವು.

ಸಾಹೇಬರು ನನ್ನ ಕಡೆ ತಿರುಗಿ, "ಅವತ್ತು ಬಾವುಟ ಇಳಿಸಿದವರು ಯಾರು?" ಎಂದು ಕೇಳಿದರು.

"ಇವಳೇ ಸರ್," ಅಂದೆ. ಕೈಚೀಲದಿಂದ ವರದಿ ತೆಗೆದುಕೊಟ್ಟೆ. ಅದರಲ್ಲಿ ಬಾಳವ್ವನ ಹೆಸರಿರಲಿಲ್ಲ. 'ಬಾವುಟ ಹಿಡಿದವರಿಗೆ ತಕ್ಕ ತರಬೇತಿ ಕೊಟ್ಟಿರಲಿಲ್ಲ. ಹೊಣೆ ಕೆಳಗೆ ಸಹಿ ಮಾಡಿದವನದು' ಎಂದು ಬರೆದು ನನ್ನ ಸಹಿ ಹಾಕಿದ್ದೆ. ಅವರು ಎರಡು ಸಲ ಓದಿ ಮಡಿಚಿ ಜೇಬಿನಲ್ಲಿಟ್ಟುಕೊಂಡರು. "ಬರದದ್ದು ಸರಿ ಐತಿ. ಇವತ್ತಿಂದೂ ಸೇರಿಸಿ ಬರೀಬೇಕಿತ್ತು," ಅಂದರು. ಎರಡು ಸೀಟಿ ಕೇಳಿಸಿತು, ಬಾಳವ್ವ ಹಸಿರು ತೋರಿಸಿದಳು, ಜೀಪು ಮುಂದೆ ಹೋಯಿತು.

ನನಗೆ ಲಿಖಿತ ಎಚ್ಚರಿಕೆ ಬಂತು, ಅದು ಬರಬೇಕಾದದ್ದೇ. ಮೋರಿ ಮಳೆಗೆ ಒಂದು ವಾರ ಮುಂಚೆ ಮುಗಿಯಿತು. ಮಾದೇವ ದೀಪಾವಳಿಯ ಹೊತ್ತಿಗೆ ಸ್ವಲ್ಪ ಕುಂಟುತ್ತ ಕೆಲಸಕ್ಕೆ ಮರಳಿದ. ಅವನಿಗೆ ಸೀಟಿ ಕೊಟ್ಟೆವು. ಮುಂದಿನ ವರ್ಷದಿಂದ ಬೇರೆ ಗ್ಯಾಂಗಿನವರಿಗೆ ಬಾವುಟ ಕಲಿಸಲು ಬಾಳವ್ವನನ್ನೇ ಕಳಿಸತೊಡಗಿದರು. ಅವಳು ಹೋದಲ್ಲೆಲ್ಲ ಮೊದಲು ಕೇಳುತ್ತಿದ್ದದ್ದು, ಯಾರನ್ನು ನಿಲ್ಲಿಸಲು ನಿಮಗೆ ಆಗುವುದಿಲ್ಲ ಎಂದು.

ಆಮೇಲೆ ಎಷ್ಟೋ ರಸ್ತೆ, ಎಷ್ಟೋ ಸೇತುವೆ ಮಾಡಿಸಿದೆ. ಪ್ರತಿ ಕೆಲಸದ ಮೊದಲ ದಿನ ನಾನೇ ಜೀಪಿನಲ್ಲಿ ಬಂದು, ಬಾವುಟದವರ ಮೇಲೆ ಸುಳ್ಳು ಸುಳ್ಳೇ ರೇಗಿ, ದಾರಿ ಬಿಡು ಎನ್ನುತ್ತಿದ್ದೆ. ಬಿಟ್ಟವರನ್ನು ಮತ್ತೆ ಕಲಿಯಲು ಕೂಡಿಸುತ್ತಿದ್ದೆ. ಕೆಲಸಗಾರರ ಕೈಗೆ ಬಾವುಟ ಕೊಟ್ಟರೆ ಸಾಲದು, ನನ್ನನ್ನೇ ತಡೆಯುವ ಅಧಿಕಾರವನ್ನೂ ಕೊಡಬೇಕು, ಅವರು ತಡೆದಾಗ ನಾನು ತೆಪ್ಪಗೆ ನಿಲ್ಲಬೇಕು. ಕೊಡುವುದನ್ನು ನಾಲ್ಕು ದಿನದಲ್ಲಿ ಕಲಿತೆ. ನಿಲ್ಲುವುದನ್ನು ಬಾಳವ್ವ ಕಲಿಸಬೇಕಾಯಿತು.