ಹೀಟರ್ ವೈರೂ ನನ್ನ ಗಂಟಲೂ

ನಮ್ಮ ಮಿನಿ ಲಾರಿ ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗಲು ಪಡುವ ಪಾಡನ್ನು ನಾನು ಬಾಯಲ್ಲೇ ಮಾಡಿ ತೋರಿಸುತ್ತಿದ್ದೆ. ಹೊಂಗನೂರಿನ ಟೀ ಅಂಗಡಿಯಲ್ಲಿ ಅದಕ್ಕೆ ಬೇಡಿಕೆ ಇತ್ತು. ಕನಕಪುರದ ಬಸ್ ಕಂಡಕ್ಟರ್, ಡೈರಿಯಲ್ಲಿ ಹಾಲು ಅಳೆಯುವವನು, ಫೋಟೋಕ್ಕೆ ನಿಂತಾಗ ಹೊಟ್ಟೆ ಒಳಗೆಳೆದುಕೊಳ್ಳುವ ನಾನು, ಇವರನ್ನೆಲ್ಲ ಅಣಕಿಸಿದ ಮೇಲೆ ಕೊನೆಗೆ ಲಾರಿ. ಇದರಿಂದ ಯಾರಿಗೂ ಕೇಡಿಲ್ಲ ಎಂದುಕೊಂಡಿದ್ದೆ.

ಆ ಸಲ ಚಿಕ್ಕಮ್ಮನ ರೇಷ್ಮೆಗೂಡು ರಾಮನಗರದ ಮಾರ್ಕೆಟ್ಟಿನ ಹರಾಜಿಗೆ ಹೋಗಬೇಕಿತ್ತು. ತಡವಾದರೆ ಒಳಗಿನ ಹುಳ ಚಿಟ್ಟೆಯಾಗಿ, ತೂತು ಕೊರೆದುಕೊಂಡು ಆಚೆ ಬರುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ, ಅದನ್ನು ಯಾರೂ ಮುಟ್ಟುವುದಿಲ್ಲ. ಹಿಂದಿನ ಬೆಳೆ ರೋಗ ಬಂದು ಹೋಗಿತ್ತು. ಹಾಗಾಗಿ ಈ ಸಲ ಚಿಕ್ಕಮ್ಮ ನನ್ನನ್ನು ಹುಳದ ಮನೆಯ ಬಾಗಿಲು ದಾಟಲು ಬಿಟ್ಟಿರಲಿಲ್ಲ. "ನೀನ್ ಬಂದ್ರೆ ಹುಳ ಸೊಪ್ಪು ತಿನ್ನದ್ ಬುಟ್ಟು ನಿನ್ ಮಕ ನೋಡ್ಕಂಡ್ ಕೂತ್ಕತವೆ" ಎನ್ನುತ್ತಿದ್ದಳು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಲಾರಿ ಸ್ಟಾರ್ಟ್ ಆಗಲೇ ಇಲ್ಲ. ಚನ್ನಪಟ್ಟಣದ ಎಲೆಕ್ಟ್ರಿಕ್ ಮೇಸ್ತ್ರಿಗೆ ಫೋನ್ ಮಾಡಿದೆ. ಅರವತ್ತು ದಾಟಿದವರು, ಸದ್ದು ಕೇಳಿಯೇ ರೋಗ ಹೇಳುತ್ತಾರೆಂದು ಹೆಸರು.

"ಸದ್ದು ಹೆಂಗ್ ಬತ್ತೈತ್ಲಾ?"

ಫೋನನ್ನು ಎಂಜಿನ್ನಿನ ಹತ್ತಿರ ಹಿಡಿಯಬಹುದಿತ್ತು. ನನ್ನ ಗಂಟಲು ಇರುವಾಗ ಅದೇಕೆ ಎನ್ನಿಸಿತು. "ಕೊರ್ರ್... ಕೊರ್... ಕೊ..." ಎಂದು ಎಳೆದೆಳೆದು ಮಾಡಿ, ತುದಿಗೊಂದು ಕೆಮ್ಮನ್ನೂ ಸೇರಿಸಿದೆ.

"ಬ್ಯಾಟ್ರಿ ಡೌನು. ಬಿಚ್ಕಂಡ್ ತತ್ತಾ, ಚಾರ್ಜಿಗ್ ಹಾಕ್ತೀನಿ."

ಬೈಕಿನಲ್ಲಿ ಒಯ್ದು, ಹಗಲೆಲ್ಲ ಕಾದು, ಬ್ಯಾಟರಿ ತಂದು ಕೂರಿಸುವಾಗ ಸಂಜೆ. ದಿನವಿಡೀ ಬಿಸಿಲಿಗೆ ಕಾದಿದ್ದ ಎಂಜಿನ್ ಒಂದೇ ಏಟಿಗೆ ಹತ್ತಿಕೊಂಡಿತು. ಮರುದಿನಕ್ಕೆ ಗೂಡು ಹೇರಿಕೊಂಡು ಹೋಗಲು ಒಪ್ಪಿದ್ದ ಟೆಂಪೋದವನಿಗೆ "ನಮ್ದೇ ರೆಡಿ ಐತೆ, ನೀನ್ ಕಾಯ್ಬ್ಯಾಡ ಕಣಣ್ಣ" ಎಂದುಬಿಟ್ಟೆ.

ಬೆಳಿಗ್ಗೆ ಮಂಜು. ಕೀ ತಿರುಗಿಸಿದರೆ ಬಿಳಿ ಹೊಗೆ ಮಾತ್ರ. ನಾಲ್ಕು ಜನ ತಳ್ಳಿದರೂ ಅಷ್ಟೇ. ಟೆಂಪೋ ಅಷ್ಟರಲ್ಲಿ ಬೇರೆಯವರ ಗೂಡು ಹೇರಿಕೊಂಡು ಹೋಗಿತ್ತು. ಬಸ್ಸಿಗೆ ತುರುಕಿದರೆ ಗೂಡು ಜಜ್ಜಿಹೋಗುತ್ತದೆ. ಮೇಸ್ತ್ರಿಗೆ ಮತ್ತೆ ಫೋನ್ ಮಾಡಿದೆ, ಈ ಸಲ ಬಾಯಲ್ಲಿ ಲಾರಿಯ ಸದ್ದು ಮಾಡಲಿಲ್ಲ. ತಾವೇ ಬರುತ್ತೇನೆಂದರು.

ಚಿಕ್ಕಮ್ಮ ಬೈಯಲಿಲ್ಲ. ಬುಟ್ಟಿಯ ಮುಂದೆ ಕೂತು ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಕಟಕಟ ಎನ್ನುವವರೆಗೆ ಭಯವಿಲ್ಲ ಎಂಬುದು ಅವಳ ಲೆಕ್ಕ. ಬೈದಿದ್ದರೆ ಬೈಗುಳವನ್ನಾದರೂ ಅನುಕರಿಸಬಹುದಿತ್ತು.

ಮೇಸ್ತ್ರಿ ಮೊಪೆಡ್ಡಿನಲ್ಲಿ ಬಂದು ಇಳಿದರು. "ಹೊಡಿ ಸೆಲ್ಫು."

ಕೀ ತಿರುಗಿಸಿದೆ. ಅವರು ತಲೆ ವಾರೆ ಮಾಡಿ ಕೇಳಿದರು.

"ಇದು ಚೆನ್ನಾಗೇ ತಿರುಗ್ತೈತಲ್ಲಲಾ! ಫೋನಲ್ಲಿ ಕೇಳ್ಸಿದ್ದು ಯಾವ್ ಲಾರಿ?"

"ಇದೇ, ಮೇಸ್ತ್ರಿ. ನೆನ್ನೆನೂ ಹಿಂಗೇ ತಿರುಗ್ತಿತ್ತು, ನಾನೇ ಒಸಿ ನಿಧಾನ ಮಾಡಿದ್ದೆ."

"ಆ ಕೆಮ್ಮು?"

"ಅದು ನಮ್ ತಾತಂದು."

"ಸತ್ತು ಮೂರೊರ್ಸ ಆಯ್ತು, ಇನ್ನೂ ಬುಡಲ್ವಲ್ಲೋ ಅವ್ರನ್ನ" ಎಂದಳು ಚಿಕ್ಕಮ್ಮ, ಗೂಡಿನಿಂದ ಕಣ್ಣೆತ್ತದೆ.

ತಣ್ಣಗಿರುವ ಡೀಸೆಲ್ ಎಂಜಿನ್ನಿಗೆ ಮೊದಲು ಒಳಗಿನಿಂದ ಕಾವು ಕೊಡಲು ಬೆರಳುದ್ದದ ಕಡ್ಡಿಗಳಿರುತ್ತವೆ, ಹೀಟರ್ ಪ್ಲಗ್ ಎನ್ನುತ್ತಾರೆ. ಮೇಸ್ತ್ರಿ ಅವುಗಳಿಗೆ ಹೋಗುವ ವೈರಿನ ಬ್ಯಾಟರಿ ಕಡೆಯ ತುದಿಗೆ ಟೆಸ್ಟ್ ಬಲ್ಬ್ ಹಿಡಿದರು, ಉರಿಯಿತು. ಪ್ಲಗ್ಗಿನ ಕಡೆಯ ತುದಿಗೆ ಹಿಡಿದರು, ಉರಿಯಲಿಲ್ಲ. ವೈರು ಹೊಗೆ ಪೈಪಿಗೆ ಒರಗಿ ಒರಗಿ ಮೇಲಿನ ರಬ್ಬರು ಹಪ್ಪಳದಂತೆ ಪುಡಿಯಾಗಿತ್ತು, ತಾಮ್ರ ಹಸಿರು ತಿರುಗಿ ತುಂಡಾಗಿತ್ತು.

ಅವರಿಗೆ ಮಂಡಿ ನೋವು. ಸ್ಟೂಲಿನ ಮೇಲೆ ಕೂತರು, ನಾನು ಬಗ್ಗಿದೆ. ಮೊದಲು ಬ್ಯಾಟರಿಯ ಕನೆಕ್ಷನ್ ಬಿಚ್ಚಿದೆ. ಆಮೇಲೆ ಪ್ಲಗ್ಗುಗಳ ತಲೆಯ ಮೇಲಿನ ಪುಟ್ಟ ನಟ್ಟುಗಳು.

"ಮೆಲ್ಲಗ್ಲಾ! ತಲೆ ಮುರುದ್ರೆ ಪ್ಲಗ್ ಈಚ್ಗೆ ಬರಾಕಿಲ್ಲ. ಅಲ್ಲಿಗ್ ನಿಮ್ ಚಿಕ್ಕಮ್ಮ ಚಿಟ್ಟೆ ಮಾರ್ಕಬೇಕು."

ನಟ್ಟುಗಳನ್ನು ಕೂದಲೆಳೆಯಷ್ಟಷ್ಟೇ ತಿರುಗಿಸಿ ಬಿಚ್ಚಿದೆ. ಮೊಳದುದ್ದದ ಹೊಸ ದಪ್ಪ ವೈರು ಕತ್ತರಿಸಿ, ತುದಿಗಳಿಗೆ ನಟ್ಟಿನಡಿ ಕೂರುವ ತಾಮ್ರದ ಬಳೆ ಒತ್ತಿ, ಬಿಸಿ ತಡೆಯುವ ಕೊಳವೆ ತೊಡಿಸಿ, ಹೊಗೆ ಪೈಪಿನಿಂದ ದೂರಕ್ಕೆ ಎಳೆದು ಕಟ್ಟಿ, ನಟ್ಟು ಬಿಗಿದು, ಬ್ಯಾಟರಿ ಕನೆಕ್ಷನ್ ಮತ್ತೆ ಕೊಟ್ಟೆ. ಅಷ್ಟು ಹೊತ್ತೂ ನಾನು ಯಾರನ್ನೂ ಆಡಿಕೊಳ್ಳಲಿಲ್ಲವೆಂದು ಚಿಕ್ಕಮ್ಮ ಆಮೇಲೆ ಊರಿಗೆಲ್ಲ ಹೇಳಿದಳು.

"ಅಣ್ಣಾ, ಇವತ್ತಿನ್ ಹರಾಜಿಗ್ ಹೋಗಿ ಸೇರ್ಕಬೋದಾ?" ಎಂದು ಅವಳು ಕೇಳಿದ್ದು ಅದೊಂದೇ ಸಲ.

ಮೇಸ್ತ್ರಿ ನನ್ನತ್ತ ತಿರುಗಿದರು. "ಕೀ ಅರ್ಧ ತಿರುಗ್ಸು. ಹತ್ತು ಎಣ್ಸು. ಬಾಯ್ ಮುಚ್ಕಂಡು."

ಬಾಯಿ ಮುಚ್ಚಿ ಎಣಿಸಿ ಅಭ್ಯಾಸವಿಲ್ಲ. ಏಳಕ್ಕೆ ತಪ್ಪಿ ಮೊದಲಿಂದ ಶುರುಮಾಡಿದೆ. ಪೂರ್ತಿ ತಿರುಗಿಸಿದೆ. ಎಂಜಿನ್ ಒಮ್ಮೆ ನಡುಗಿ ಹತ್ತಿಕೊಂಡಿತು. ಕೆಮ್ಮಲಿಲ್ಲ.

ರಾಮನಗರ ಮುಟ್ಟಿದಾಗ ಮಾರ್ಕೆಟ್ಟಿನ ಗೇಟು ತೆರೆದಿತ್ತು, ಒಳಗೆ ಹರಾಜಿನ ಕೂಗಾಟ ಇನ್ನೂ ನಡೆದಿತ್ತು. ಬಿಸಿಯಾದ ಎಂಜಿನ್ನಿಗೆ ಹೀಟರ್ ಬೇಕಿಲ್ಲವೆಂದು ಗೊತ್ತಿದ್ದರೂ ನನಗೆ ಆಫ್ ಮಾಡುವ ಧೈರ್ಯ ಬರಲಿಲ್ಲ. ಹಾಗೇ ಗುರುಗುಟ್ಟಲು ಬಿಟ್ಟು ಇಳಿದೆ. ಚಿಕ್ಕಮ್ಮ ಮೇಲಿನ ಬುಟ್ಟಿಯಿಂದ ಒಂದು ಗೂಡು ತೆಗೆದು ಕಿವಿಗೆ ಹಿಡಿದಳು, ಅಲ್ಲಾಡಿಸಿದಳು, ಮುಖ ಕಿವುಚಿದಳು.

"ಆಫ್ ಮಾಡ್ಲಾ ಅದ್ನ. ಏನೂ ಕೇಳುಸ್ತಿಲ್ಲ."

ಆಫ್ ಮಾಡಿದೆ. ಅವಳು ಮತ್ತೆ ಅಲ್ಲಾಡಿಸಿದಳು. ಕಟಕಟ ಎನ್ನುವುದು ನನಗೂ ಕೇಳಿಸಿತು.