ಎಲೆಯ ಮುಂದೆ ಆಡದ ಮಾತು

ಬೇಸಿಗೆಯಲ್ಲಿ ನನಗೆ ಚಳಿ ಶುರುವಾಯಿತು.

ಚಾಮರಾಜಪೇಟೆಯ ಜನರೆಲ್ಲ ಫ್ಯಾನಿನ ಕೆಳಗೆ ಕೂತು ಉಸ್ಸಪ್ಪಾ ಎನ್ನುತ್ತಿದ್ದ ದಿನಗಳು. ನಾನು ಯಾರದೋ ಮನೆಯ ಅಡುಗೆಮನೆಯಲ್ಲಿ, ಉರಿಯುವ ಎರಡು ಒಲೆಗಳ ಮುಂದೆ ನಿಂತು ಗಡಗಡ ನಡುಗುತ್ತಿದ್ದೆ. ಮೈಮೇಲೆ ಒದ್ದೆ ಸೀರೆ. ಅದೇನೂ ಹೊಸದಲ್ಲ. ನಾನು ತಿಥಿ ಅಡುಗೆಯವಳು. ಬಸವನಗುಡಿ, ಚಾಮರಾಜಪೇಟೆಯ ಮನೆಗಳಲ್ಲಿ ಶ್ರಾದ್ಧವಿದ್ದರೆ ನನಗೆ ಕರೆ ಬರುತ್ತದೆ. ಅವರ ಮನೆಯಲ್ಲೇ ಸ್ನಾನ ಮಾಡಿ, ಹಿಂಡಿದ ಸೀರೆಯನ್ನೇ ಮಡಿಯಲ್ಲಿ ಉಟ್ಟು ಒಲೆ ಹಚ್ಚುತ್ತೇನೆ. ವಡೆ ಕರಿಯುವ ಹೊತ್ತಿಗೆ ಒಲೆಯ ಕಾವಿಗೆ ಸೀರೆ ತಾನಾಗಿ ಒಣಗುತ್ತದೆ. ಇಷ್ಟು ವರ್ಷದಲ್ಲಿ ಮಾಘದ ಚಳಿಗೂ ಒಂದು ಸೀನು ಸೀನಿದವಳಲ್ಲ. ಆ ದಿನ ಸೀರೆ ಒಣಗಿತು, ಚಳಿ ಮಾತ್ರ ಹೋಗಲಿಲ್ಲ.

ಜ್ವರವಿರಬೇಕು ಎಂದುಕೊಂಡೆ. ಮುಟ್ಟಿದರೆ ಮೈ ತಣ್ಣಗಿತ್ತು.

ಆಮೇಲೆ ಒಂದೊಂದೇ ಬಂತು. ಬಳೆ ಕೈಯಿಂದ ಇಳಿಯಲಿಲ್ಲ. ತಲೆ ಬಾಚಿದರೆ ಕೂದಲು ಹಿಡಿ ಹಿಡಿ ಬಂತು. ಬೆಳಗ್ಗೆ ಕನ್ನಡಿಯಲ್ಲಿ ಯಾರೋ ದಪ್ಪ ಮುಖದ ಹೆಂಗಸು ನನ್ನನ್ನು ನೋಡುತ್ತಿದ್ದಳು. ಫೋನಿನಲ್ಲಿ ಹಲೋ ಎಂದರೆ ನನ್ನ ಸ್ವಂತ ತಂಗಿ, "ಭಾವ, ಅಕ್ಕಂಗೆ ಕೊಡಿ ಫೋನು" ಎಂದಳು. ಆ ದಿನ ನಕ್ಕೆವು. ನಕ್ಕಿದ್ದು ಅದೇ ಕೊನೆ ಇರಬೇಕು.

ಗಾಂಧಿಬಜಾರಿನ ಹತ್ತಿರದ ಕ್ಲಿನಿಕ್ಕಿಗೆ ಇವರೇ ಕರೆದುಕೊಂಡು ಹೋದರು. ಇವರು ಎಂದರೆ ನನ್ನ ಗಂಡ. ಅಕ್ಕಿಪೇಟೆಯ ಸಗಟು ಅಂಗಡಿಯೊಂದರಲ್ಲಿ ಗುಮಾಸ್ತೆ. ಮಾತು ಕಡಿಮೆ. ಮನೆಯಲ್ಲಿ ನಾವಿಬ್ಬರೇ ಆದ್ದರಿಂದ ಅವರ ಪಾಲಿನ ಮಾತನ್ನೂ ನಾನೇ ಆಡಿಬಿಡುವುದು ರೂಢಿ. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಬ್ಲಡ್ ರಿಪೋರ್ಟ್ ನೋಡಿ ಹೇಳಿದರು.

"ಥೈರಾಯ್ಡ್ ಸರಿಯಾಗಿ ಕೆಲಸ ಮಾಡ್ತಿಲ್ಲಮ್ಮ. ಹೈಪೋಥೈರಾಯ್ಡ್ ಅಂತೀವಿ. ಬೆಳಗ್ಗೆ ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಒಂದು ಮಾತ್ರೆ. ಕಾಫಿ ಒಂದ್ ಗಂಟೆ ಆದ್ಮೇಲೆ."

"ಎಷ್ಟು ದಿನ ತೊಗೋಬೇಕು?"

"ಯಾವಾಗ್ಲೂ."

ಯಾವಾಗಲೂ.

ಆ ಮಾತು ಮನೆಗೆ ಬರುವ ದಾರಿಯುದ್ದಕ್ಕೂ ಕಿವಿಯಲ್ಲಿತ್ತು. ಕಾಯಿಲೆ ಬಂದರೆ ಕಷಾಯ ಕುಡಿದು, ಮೂರು ದಿನ ಮಲಗಿ, ಎದ್ದು ಕೆಲಸಕ್ಕೆ ಹೋಗುವುದು ನನಗೆ ಗೊತ್ತಿದ್ದ ಲೆಕ್ಕ. ಎದ್ದು ಹೋಗಲಾಗದ ಕಾಯಿಲೆ ಇದು. ಅದಕ್ಕಿಂತ ದೊಡ್ಡ ತೊಡಕು ನನ್ನ ಕೆಲಸದಲ್ಲೇ ಇತ್ತು. ತಿಥಿಯ ದಿನ, ಎಲೆಗೆ ಕೂತ ಬ್ರಾಹ್ಮಣರ ಊಟ ಮುಗಿಯುವವರೆಗೆ ಅಡುಗೆಯವಳು ಬಾಯಿಗೆ ಏನೂ ಹಾಕುವುದಿಲ್ಲ. ನಾನಂತೂ ನೀರನ್ನೂ ಕುಡಿದವಳಲ್ಲ. ಬೆಳಗಿನ ಮಾತ್ರೆ ಎಲ್ಲಿ ನುಂಗಲಿ? ಕೆಲಸವಿದ್ದ ದಿನ ಬಿಟ್ಟೆ. ಬಿಡುವಿದ್ದ ದಿನ ನುಂಗಿದೆ. ಯಾರನ್ನೂ ಕೇಳಲಿಲ್ಲ. ಕೇಳುವಂಥದ್ದೇನಿದೆ, ನನಗೆ ಗೊತ್ತಿಲ್ಲದ ಮಡಿಯೇ ಎಂಬ ಜಂಬ.

ಹಾಗೆ ಬಿಟ್ಟು ಬಿಟ್ಟು ನುಂಗಿದ ಮಾತ್ರೆಯಿಂದ ಏನೂ ಆಗಲಿಲ್ಲ. ಆಗ ಸಿಕ್ಕವರು ವಿಮಲಾ ಮೇಡಂ. ನಮ್ಮ ಬೀದಿಯಲ್ಲೇ ಇರುವ ರಿಟೈರ್ಡ್ ಸ್ಕೂಲ್ ಟೀಚರು. ಅವರಿಗೂ ಥೈರಾಯ್ಡಂತೆ. ಅವರ ಮೇಲೆ ನನಗೆ ಈಗಲೂ ಸಿಟ್ಟಿಲ್ಲ. ಒಳ್ಳೆಯದಾಗಲಿ ಎಂದೇ ಹೇಳಿದ್ದು.

"ಮಾತ್ರೆ ಬರೀ ಕೆಮಿಕಲ್ ಪದ್ಮಾ. ಊಟ ಬದಲಾಯಿಸು, ಗ್ರಂಥಿ ತಾನಾಗೇ ದಾರಿಗೆ ಬರತ್ತೆ. ನನ್ನ ನೋಡು."

ನೋಡಿದೆ. ಲವಲವಿಕೆಯಿಂದ ಇದ್ದರು. ಅವತ್ತಿನಿಂದ ಮಾತ್ರೆ ಪೂರ್ತಿ ನಿಂತಿತು.

ರಾತ್ರಿ ನೆನೆಸಿಟ್ಟ ಕೊತ್ತಂಬರಿ ಬೀಜದ ನೀರು ಬೆಳಗ್ಗೆ ಕುದಿಸಿ ಕುಡಿದೆ. ಅಕ್ಕಿ, ಗೋಧಿ, ಕಾಫಿ ಬಂದ್. ಮೂರು ಹೊತ್ತೂ ನವಣೆ. ಪುಡಿ ಉಪ್ಪು ತೆಗೆದು ಮನೆಗೂ ಸೈಂಧವ ಉಪ್ಪು ತಂದೆ. ತಿಥಿ ಅಡುಗೆಗೆ ಹೇಗೂ ಅದೇ ತಾನೆ, ಶುದ್ಧವಾದದ್ದು ಎಂದು ಸಮಾಧಾನವೂ ಆಯಿತು. ಥೈರಾಯ್ಡಿಗೆ ಆಗದೆಂದು ಎಲೆಕೋಸಿನ ಹೆಸರು ಎತ್ತಲಿಲ್ಲ. ಬೆಳಗ್ಗೆ ವಿಮಲಾ ಮೇಡಂ ಜೊತೆ ಲಾಲ್‌ಬಾಗಿಗೆ ನಡೆದೆ. ಬಂಡೆ ಹತ್ತಿ ಕೂತು ಪ್ರಾಣಾಯಾಮ ಮಾಡಿದೆ. ಮೊದಲ ಕೆಲವು ವಾರ ನಿಜವಾಗಿಯೂ ಹಗುರಾದೆ. ನಡಿಗೆಗೆ ನಿದ್ದೆ ಬಂತು, ಹೊಟ್ಟೆ ಇಳಿಯಿತು. ಗೆದ್ದೆ ಎಂದುಕೊಂಡೆ. ಇವರೂ ಪಾಪ, ಎದುರು ಮಾತಾಡದೆ ನವಣೆ ಅನ್ನ ಕಲಸಿ ತಿಂದರು. ಇವರು ಮಜ್ಜಿಗೆ ಜಾಸ್ತಿ ಸುರಿದುಕೊಳ್ಳಲು ಶುರುಮಾಡಿದ್ದು ಆ ಹೊತ್ತಿನಲ್ಲೇ. ನವಣೆ ಒಣಒಣ, ಅದಕ್ಕೇ ಇರಬೇಕು ಎಂದು ನಾನೇ ದೊಡ್ಡ ಲೋಟದಲ್ಲಿ ಮಜ್ಜಿಗೆ ಇಟ್ಟೆ.

ಪಿತೃಪಕ್ಷ ಬಂತು. ನಮಗೆ ಕೈತುಂಬ ಕೆಲಸದ ದಿನಗಳು. ನಮ್ಮ ಕೆಲಸದ ಒಂದು ಸಂಗತಿಯನ್ನು ಇಲ್ಲಿ ಹೇಳಲೇಬೇಕು. ತಿಥಿ ಅಡುಗೆಯ ರುಚಿ ನೋಡುವ ಹಾಗಿಲ್ಲ. ಅದು ಪಿತೃಗಳಿಗೆ ಮಾಡಿದ್ದು, ಎಂಜಲಾಗಬಾರದು. ಉಪ್ಪು, ಹುಳಿ, ಮೆಣಸು ಎಲ್ಲ ಕೈಯಳತೆ. ಸರಿಯಿದೆಯೇ ಎಂದು ತಿಳಿಯುವುದು ಕುದಿಯ ವಾಸನೆಯಿಂದ. ಇನ್ನೂ ಒಂದಿದೆ. ಎಲೆಗೆ ಕೂತವರು ಆ ದಿನದ ಅಡುಗೆಯನ್ನು ಹೊಗಳುವ ಹಾಗಿಲ್ಲ, ತೆಗಳುವ ಹಾಗೂ ಇಲ್ಲ. ಊಟವಾದ ಮೇಲೆ ಮನೆಯವರು ತೃಪ್ತರಾದಿರಾ ಎಂದು ಕೇಳಬೇಕು, ಎಲೆಗೆ ಕೂತವರು ತೃಪ್ತರಾದೆವು ಎನ್ನಬೇಕು. ಮಂತ್ರದ ಹಾಗೆ. ಆ ಒಂದು ಮಾತು ಒಳಗಿನಿಂದ ಕೇಳಿಸಿಕೊಳ್ಳುವುದೇ ನನಗೆ ಪದಕ. ಒಂದು ಸಲವೂ ಆ ಮಾತು ತಪ್ಪಿದ್ದಿಲ್ಲ.

ಬಸವನಗುಡಿಯ ಜಾನಕಮ್ಮನವರ ಮನೆಯಲ್ಲಿ ಅವರ ಯಜಮಾನರ ಪಕ್ಷದ ಶ್ರಾದ್ಧ. ವರ್ಷಗಳಿಂದ ನನ್ನದೇ ಕೈ ಅಲ್ಲಿ. ಬಾಳೆಕಾಯಿ ಪಲ್ಯ, ಸಿಹಿಗುಂಬಳದ ಹುಳಿ, ಮೆಣಸಿನ ಸಾರು, ವಡೆ, ಪಾಯಸ. ಹುಳಿಯ ಪಾತ್ರೆಯ ಮುಂದೆ ನಿಂತಾಗ ತಲೆಯೊಳಗೆ ಹೊಗೆ ತುಂಬಿದ ಹಾಗಿತ್ತು. ಉಪ್ಪು ಹಾಕಿದೆನೋ ಇಲ್ಲವೋ? ವಾಸನೆ ಹಿಡಿದೆ. ಏನೂ ಬರಲಿಲ್ಲ. ಹಾಕಿಲ್ಲ ಅನ್ನಿಸಿತು, ಹಾಕಿದೆ. ಒಳಗೆ ಕಾಲು ಚಾಚಿ ಕೂತು ಕಾಯುತ್ತಿದ್ದಾಗ ಹೊರಗಿನಿಂದ ಆ ಮಾತು ಬಂತು. ತೃಪ್ತರಾದೆವು. ಕಣ್ಣಲ್ಲಿ ನೀರು ಬಂತು ನನಗೆ. ಮೈ ಸೋತರೂ ಕೈ ಸೋತಿಲ್ಲ ಎಂದುಕೊಂಡೆ. ಕೊನೆಯಲ್ಲಿ ಉಂಡಾಗ ನಾಲಿಗೆಗೆ ಏನೂ ಹತ್ತಲಿಲ್ಲ. ಎಲ್ಲ ಮಣ್ಣು. ಉಪವಾಸದ ಬಾಯಿ, ಅದಕ್ಕೇ ಹಾಗೆ ಎಂದು ಎದ್ದು ಕೈ ತೊಳೆದೆ.

ದೀಪಾವಳಿ ಕಳೆಯಿತು. ಫೋನು ಬರುವುದು ಕಡಿಮೆಯಾಯಿತು. ಮೊದಲು ಒಂದು ಮನೆ, ಆಮೇಲೆ ಇನ್ನೊಂದು. ನನಗೆ ಕೆಲಸ ಗೊತ್ತುಮಾಡುವವರು ಪುರೋಹಿತರಾದ ನರಹರಿ ಭಟ್ಟರು. ಅವರೂ ದಾರಿಯಲ್ಲಿ ಸಿಕ್ಕರೆ ಅವಸರದಲ್ಲಿರುತ್ತಿದ್ದರು. ನನ್ನ ಊದಿದ ಮುಖ ನೋಡಿ ಅಯ್ಯೋ ಪಾಪ ಎನ್ನುತ್ತಿರಬೇಕು ಎಂದುಕೊಂಡೆ. ಆ ಕನಿಕರದ ಮೇಲೆ ನನಗೆ ಕೆಂಡದಂಥ ಕೋಪ. ಕೋಪ ಮಾಡಿಕೊಳ್ಳಲೂ ಶಕ್ತಿಯಿಲ್ಲ. ಮಾಡಿಕೊಂಡ ಅರ್ಧಗಂಟೆಗೆ ನಿದ್ದೆ. ಲಾಲ್‌ಬಾಗಿನ ನಡಿಗೆ ಗೇಟಿನವರೆಗೆ ಬಂತು, ಆಮೇಲೆ ಬೀದಿಯ ಕೊನೆಯವರೆಗೆ, ಆಮೇಲೆ ಹೊಸಿಲಿನವರೆಗೆ. ಇಡೀ ದಿನ ಕಂಬಳಿ ಹೊದ್ದು ಕೂರುತ್ತಿದ್ದೆ. ಸುಮ್ಮಸುಮ್ಮನೆ ಅಳು. ಪಕ್ಕದ ಮನೆಯವರ ಹೆಸರು ಮರೆತು, ನೆನಪಾಗದೆ, ಅದಕ್ಕೂ ಅತ್ತೆ. ಬದುಕಿದ್ದು ಏನು ಮಾಡಬೇಕು ಎಂದು ನಿಜವಾಗಿ ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆಯೇನಿಲ್ಲ.

ಒಂದು ಭಾನುವಾರ ಭಟ್ಟರು ಇವರಿಗೆ ಫೋನು ಮಾಡಿದರು. ಜಾನಕಮ್ಮನವರ ಮನೆಯ ವಾರ್ಷಿಕ ಶ್ರಾದ್ಧಕ್ಕೆ ಬೇರೆ ಅಡುಗೆಯವರನ್ನು ಹೇಳಿದ್ದಾರಂತೆ. ನಾನು ಊಟ ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟೆ.

"ನಾನೇನ್ ಅನ್ಯಾಯ ಮಾಡಿದ್ದೆ ಅವರಿಗೆ? ಬಾಯಿಬಿಟ್ಟು ಒಂದ್ ಮಾತು ಹೇಳ್ಬಾರ್ದಾ?" ಎಂದು ಕೂಗಿದೆ. ಕೂಗು ಎಲ್ಲಿಂದ ಬರಬೇಕು, ಗೊಗ್ಗರು ದನಿ.

ಇವರು ಎಲೆ ನೋಡುತ್ತಾ ಕೂತಿದ್ದರು.

"ಉಪ್ಪು, ಪದ್ಮಾ."

"ಏನು?"

"ಉಪ್ಪು ಜಾಸ್ತಿ ಆಗ್ತಿದೆ. ತುಂಬ ದಿನದಿಂದ. ಒಂದೊಂದ್ ದಿನ ಬಾಯಿಗೆ ಇಡಕ್ಕೇ ಆಗಲ್ಲ."

ಮಜ್ಜಿಗೆ. ಆ ದೊಡ್ಡ ಲೋಟದ ಮಜ್ಜಿಗೆ.

"ಯಾಕ್ ಹೇಳ್ಲಿಲ್ಲ ನೀವು?"

"ಹೇಗ್ ಹೇಳ್ಲಿ? ನೀನು ಎರಡು ಹೊತ್ತೂ ಅಳ್ತಾ ಇದ್ದೆ. ಇದೂ ಹೇಳಿದ್ರೆ ಇನ್ನೇನ್ ಉಳಿಯತ್ತೆ ನಿಂಗೆ ಅಂತ ಸುಮ್ನಾದೆ."

ಅಡುಗೆಮನೆಗೆ ಹೋದೆ. ಡಬ್ಬಿ ತೆಗೆದು ಒಂದು ಚಿಟಿಕೆ ಉಪ್ಪು ನಾಲಿಗೆಯ ಮೇಲಿಟ್ಟುಕೊಂಡೆ. ಇನ್ನೊಂದು ಚಿಟಿಕೆ. ಆಮೇಲೆ ಬೆರಳು ತುಂಬ.

ಮರಳು ತಿಂದ ಹಾಗಿತ್ತು.

ಜಾನಕಮ್ಮನವರ ಮನೆಯ ಆ ಹುಳಿ ನೆನಪಾಯಿತು. ಅಷ್ಟು ಉಪ್ಪನ್ನು ಬ್ರಾಹ್ಮಣರು ಮುಖ ಕಿವುಚದೆ ಉಂಡು, ತೃಪ್ತರಾದೆವು ಎಂದು ಎದ್ದು ಹೋಗಿದ್ದರು. ಆ ಮನೆಯವರೂ ಉಂಡಿದ್ದರು. ಸತ್ತವರ ಹೆಸರಿನ ಊಟ, ಏನೂ ಅನ್ನಬಾರದು. ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೆ ಗೊತ್ತಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಇವರು ಎಬ್ಬಿಸಲು ನೋಡಿದರು. ಕಾಲು ನನ್ನ ಮಾತು ಕೇಳಲಿಲ್ಲ. ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದರು.

ಅಡ್ಮಿಟ್ ಮಾಡಿಕೊಂಡರು. ಪಲ್ಸ್ ನಿಧಾನ, ಬಿ.ಪಿ. ಸರಿಯಿಲ್ಲ. ಥೈರಾಯ್ಡ್ ಪರೀಕ್ಷೆಯ ಟಿ.ಎಸ್.ಎಚ್. ಎಷ್ಟು ಏರಿತ್ತೆಂದರೆ, ಅಲ್ಲಿನ ಡಾಕ್ಟರು ಇನ್ನೊಮ್ಮೆ ರಕ್ತ ತೆಗೆಸಿ ನೋಡಿದರು. ಅವರು ವಯಸ್ಸಾದವರು, ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಇನ್ನೂ ಸ್ವಲ್ಪ ದಿನ ಹೀಗೇ ಇದ್ದಿದ್ರೆ ಪ್ರಜ್ಞೆ ತಪ್ಪಿ ಬೀಳ್ತಿದ್ರಿ. ನಡಿಗೆ ಒಳ್ಳೇದು, ಬಿಡಬೇಡಿ. ನವಣೆ ಅಪರೂಪಕ್ಕೆ ತಿನ್ನಿ, ಮೂರು ಹೊತ್ತೂ ಬೇಡ. ಸೈಂಧವ ಉಪ್ಪಲ್ಲಿ ಅಯೋಡಿನ್ ಇರಲ್ಲ, ಮನೇಲಿ ಪುಡಿ ಉಪ್ಪೇ ಇರಲಿ. ಆದ್ರೆ ಇದ್ಯಾವ್ದೂ ಮಾತ್ರೆ ಬದಲಿಗಲ್ಲ."

"ವಿಮಲಾ ಮೇಡಂಗೆ ಸರಿಹೋಯ್ತಲ್ಲ?" ಎಂದೆ, ಮಗುವಿನ ಹಾಗೆ.

ಅವರಿಗೆ ವಿಮಲಾ ಮೇಡಂ ಯಾರೆಂದು ಗೊತ್ತಿಲ್ಲ. ನನ್ನ ಪ್ರಶ್ನೆಗೆ ಉತ್ತರ ಕೊಟ್ಟವರು ವಿಮಲಾ ಮೇಡಮ್ಮೇ. ನೋಡಲು ಬಂದವರು ಹಾಸಿಗೆಯ ಪಕ್ಕ ಕೂತು, ತಲೆ ತಗ್ಗಿಸಿ, ತಮ್ಮದು ಶುರುವಿನಲ್ಲೇ ಗೊತ್ತಾಗಿದ್ದು, ಬರೀ ಗಡಿಯ ಮೇಲಿತ್ತು, ಮಾತ್ರೆಯನ್ನೇ ಬರೆದಿರಲಿಲ್ಲ ಎಂದರು.

ಭಟ್ಟರೂ ಬಂದರು. ನಾನು ಗೋಡೆಯ ಕಡೆ ತಿರುಗಿ ಮಲಗಿದ್ದೆ. ತಿಥಿಯ ದಿನ ಮಾತ್ರೆ ನುಂಗಲು ಮಡಿ ಅಡ್ಡ ಬಂತು ಎಂದು ನಾನು ಡಾಕ್ಟರ ಮುಂದೆ ಒಪ್ಪಿಕೊಂಡಿದ್ದನ್ನು ಇವರು ಹೇಳುತ್ತಿದ್ದುದು ಕೇಳಿಸಿತು. ಭಟ್ಟರು ನನ್ನ ಕಡೆಗೇ ಬಾಗಿ ಹೇಳಿದರು.

"ಔಷಧಕ್ಕೆ ಯಾವ ದೋಷಾನೂ ಇಲ್ಲ ಕಣಮ್ಮ. ಮಿಂದು ಬಂದು ಒಂದು ಗುಟುಕು ನೀರಲ್ಲಿ ನುಂಗಿದ್ರೆ ಆಯ್ತು. ಯಾರ್ ಹೇಳಿದ್ರು ನಿಮಗೆ ಬೇಡ ಅಂತ?"

ಯಾರೂ ಹೇಳಿರಲಿಲ್ಲ.

ಮನೆಗೆ ಬಂದು ತಿಂಗಳುಗಳಾದವು. ಬೆಳಗ್ಗೆ ಎದ್ದ ತಕ್ಷಣ ಮಾತ್ರೆ. ಕಾಫಿಗಾಗಿ ಆ ಒಂದು ಗಂಟೆ ಕಾಯುವುದು ಇಡೀ ಕಾಯಿಲೆಯಲ್ಲೇ ದೊಡ್ಡ ಶಿಕ್ಷೆ. ನಡಿಗೆ ಮತ್ತೆ ಲಾಲ್‌ಬಾಗಿನ ಗೇಟಿನವರೆಗೆ ಬಂದಿದೆ. ಬಂಡೆ ದೂರದಿಂದ ಕಾಣುತ್ತದೆ, ಹತ್ತಲಾಗದು. ಮುಖದ ಊತ ಇಳಿಯಿತು. ದನಿ ಪೂರ್ತಿ ಮರಳಲಿಲ್ಲ. ಎಷ್ಟು ಮರಳುತ್ತದೆಂದು ಯಾರೂ ಖಾತರಿಯಾಗಿ ಹೇಳುವುದಿಲ್ಲ. ಕೆಲಸ ಮಾತ್ರ ಮರಳಲಿಲ್ಲ. ಜಾನಕಮ್ಮನವರ ಮನೆಯಲ್ಲಿ ಈಗ ಹನುಮಂತನಗರದವಳೊಬ್ಬಳು ಅಡುಗೆ ಮಾಡುತ್ತಾಳಂತೆ. ಯಾರೂ ಬೇಡವೆಂದು ಬಾಯಿಬಿಟ್ಟು ಹೇಳಿಲ್ಲ. ಸುಮ್ಮನೆ ಕರೆಯುವುದಿಲ್ಲ. ನಾನೂ ಅವರ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದೆ, ಅದೇ ಇನ್ನೂ ಸಂಕಟ.

ಮೊನ್ನೆ ನಮ್ಮ ಮಾವನವರ ತಿಥಿ. ಅಡುಗೆಗೆ ಬೇರೆ ಯಾರನ್ನಾದರೂ ಹೇಳಿ ಎಂದೆ. ಇವರು ಕಿವಿಗೆ ಹಾಕಿಕೊಳ್ಳಲಿಲ್ಲ. ಮಿಂದು, ಮಾತ್ರೆ ನುಂಗಿ, ಈ ಸಲ ಒಣಗಿದ ಮಡಿ ಸೀರೆ ಉಟ್ಟು ಒಲೆ ಹಚ್ಚಿದೆ. ಮೊದಲೇ ಒಂದೊಂದು ಅಡುಗೆಗೆ ಒಂದೊಂದು ಬಟ್ಟಲಲ್ಲಿ ಉಪ್ಪು ಅಳೆದಿಟ್ಟಿದ್ದೆ. ಬಟ್ಟಲು ಖಾಲಿಯಾಗಿದ್ದರೆ ಉಪ್ಪು ಬಿದ್ದಿದೆ ಎಂದು ಅರ್ಥ, ನೆನಪನ್ನು ನಂಬಬೇಕಿಲ್ಲ. ಆದರೂ ಹುಳಿಯ ಮುಂದೆ ನಿಂತಾಗ ಜಾನಕಮ್ಮನವರ ಮನೆ ನೆನಪಾಯಿತು. ಬಟ್ಟಲಲ್ಲಿ ಅರ್ಧ ಉಳಿಸಿಬಿಟ್ಟೆ.

ಊಟವಾಯಿತು. ಇವರು ಕೇಳಿದರು, ಬ್ರಾಹ್ಮಣರು ತೃಪ್ತರಾದೆವು ಎಂದರು. ನಾನು ಒಳಗೆ ಕಲ್ಲಿನಂತೆ ಕೂತಿದ್ದೆ. ಆ ಮಾತಿಗೆ ಈಗ ನನ್ನ ಹತ್ತಿರ ಬೆಲೆಯಿಲ್ಲ. ಅವರು ಹೊರಟ ಮೇಲೆ ಇವರು ಎಲೆಗೆ ಕೂತರು. ಬಡಿಸಿದೆ. ಎದುರಿಗೆ ನಿಂತು ಅವರ ಕೈಯನ್ನೇ ನೋಡುತ್ತಿದ್ದೆ. ಮಜ್ಜಿಗೆಯ ಲೋಟಕ್ಕೆ ಕೈ ಹೋಗಲಿಲ್ಲ. ಹುಳಿ ಕಲಸಿ ಒಂದು ತುತ್ತು ತಿಂದು, ಕತ್ತೆತ್ತಿ ನನ್ನನ್ನು ನೋಡಿದರು. ತಿಥಿಯ ದಿನ ಎಲೆಯ ಮುಂದೆ ಹಾಗೆಲ್ಲ ಹೇಳಬಾರದು. ಹೇಳಿದರು.

"ಹುಳಿಗೆ ಉಪ್ಪು ಕಮ್ಮಿ ಪದ್ಮಾ."

ನನ್ನ ಸರದಿ ಬಂದಾಗ ಮೊದಲು ವಡೆ ಮುರಿದು ಬಾಯಿಗಿಟ್ಟೆ, ಆಮೇಲೆ ಹುಳಿ. ಮತ್ತೆ ವಡೆ, ಮತ್ತೆ ಹುಳಿ. ವಡೆಯಲ್ಲಿ ಉಪ್ಪಿತ್ತು. ಹುಳಿ ಸಪ್ಪೆ. ಹೌದು, ಸಪ್ಪೆ. ನನಗೂ ಗೊತ್ತಾಯಿತು.